ಅಂಚಿನಲ್ಲಿ ಬರೆದ ಊರುಗಳು

ನಕ್ಷೆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಬ್ಲೇಡಕ್ಕ ಎಂದೇ ಕರೆಯುತ್ತಿದ್ದರು. ಮಾತಾಡಿ ಜನರ ತಲೆ ತಿನ್ನುತ್ತಿದ್ದಳೆಂದೇನೂ ಅಲ್ಲ. ಅವಳು ಬಾಯಿ ಬಿಡುತ್ತಿದ್ದದ್ದೇ ಅಪರೂಪ. ಗಡ್ಡ ಹೆರೆಯುವ ಬ್ಲೇಡನ್ನು ಉದ್ದಕ್ಕೆ ಎರಡಾಗಿ ಮುರಿದು, ಒಂದು ಅರ್ಧವನ್ನು ಮಡಿಸಿದ ಕಾಗದದೊಳಗೆ ಸುತ್ತಿ ಪೆನ್ನಿನ ಡಬ್ಬಿಯಲ್ಲಿ ಸದಾ ಜೋಪಾನವಾಗಿ ಇಟ್ಟುಕೊಂಡಿರುತ್ತಿದ್ದಳು. ಪಾರದರ್ಶಕ ಹಾಳೆಯ ಮೇಲೆ ಮಸಿಯಲ್ಲಿ ಎಳೆದ ಗೆರೆ ತಪ್ಪಿದರೆ ರಬ್ಬರು ಉಜ್ಜಿ ಅಳಿಸಲಾಗದು. ಬ್ಲೇಡಿನ ಮೂಲೆಯನ್ನು ಹಾಳೆಗೆ ಮಲಗಿಸಿದ ಹಾಗೆ ಹಿಡಿದು, ಉಸಿರು ಬಿಗಿಹಿಡಿದು, ಒಣಗಿದ ಮಸಿಯನ್ನು ಪುಡಿಪುಡಿಯಾಗಿ ಕೆರೆದು ತೆಗೆಯಬೇಕು. ಒತ್ತಿದರೆ ಹಾಳೆ ಹರಿಯುತ್ತದೆ, ಒತ್ತದಿದ್ದರೆ ಗೆರೆ ಉಳಿಯುತ್ತದೆ. ಮೂವತ್ನಾಲ್ಕು ವರ್ಷಗಳಲ್ಲಿ ಆ ಅರ್ಧ ಬ್ಲೇಡಿನಿಂದ ಅವಳು ಹೊಳೆಯೊಂದರ ತಿರುವು ತಿದ್ದಿದ್ದಳು, ರೈಲು ಹಳಿ ಕಿತ್ತಿದ್ದಳು, ಒಂದು ಗುಡ್ಡವನ್ನು ಎರಡು ಮಿಲಿಮೀಟರು ಪಕ್ಕಕ್ಕೆ ಸರಿಸಿದ್ದಳು.

ಆ ಕೋಣೆಯಲ್ಲಿ ಒಂದು ಕಟ್ಟಳೆಯಿತ್ತು. ಎಲ್ಲೂ ಬರೆದಿಟ್ಟ ನಿಯಮವಲ್ಲ. ಅಲ್ಲಿನ ಹಿರಿಯ ನಕ್ಷೆಗಾರರು ಮಾಡಿದ್ದು. ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ನಕ್ಷೆಯಿಂದ ಒಂದು ಊರನ್ನು ಕೆರೆದು ತೆಗೆಯಬೇಕಾಗಿ ಬಂದರೆ, ಕೆರೆದವರು ಅದರ ಹೆಸರನ್ನು ಹಾಳೆಯ ಅಂಚಿನಲ್ಲಿ ತಮ್ಮ ಕೈಯಾರೆ ಪೂರ್ತಿ ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಬೇರೆಯವರು ಬರೆದುಕೊಡುವಂತಿಲ್ಲ. ಮೊದಲಕ್ಷರ ಹಾಕಿ ಚುಕ್ಕಿ ಇಡುವಂತಿಲ್ಲ. ಹೊಸದಾಗಿ ಸೇರಿದ್ದಾಗ ಅವಳು ಕೇಳಿದ್ದಳು, ಯಾಕೆ ಸಾರ್ ಈ ಎರಡೆರಡು ಕೆಲಸ ಎಂದು.

"ಕೆರೆಯೋಕೆ ಅರ್ಧ ನಿಮಿಷ ಸಾಕು," ಎಂದಿದ್ದರು ಮೇಷ್ಟ್ರು. "ಬರೆಯೋಕೆ ಒಂದು ನಿಮಿಷ ಬೇಕು. ತಪ್ಪು ಗೊತ್ತಾಗೋದು ಆ ಒಂದು ನಿಮಿಷದಲ್ಲೇ ಕಣಮ್ಮ."

ಆ ಮಾತು ಅವಳಿಗೆ ಅರ್ಥವಾದದ್ದು ಆರನೇ ವರ್ಷದಲ್ಲಿ. ಅಣೆಕಟ್ಟಿನ ನಕ್ಷೆ ಅವಳ ಮೇಜಿಗೆ ಬಂತು; ನೀರು ನಿಂತಾಗ ಮುಳುಗುವ ಇಪ್ಪತ್ತಮೂರು ಊರುಗಳ ಪಟ್ಟಿ ಜೊತೆಗಿತ್ತು. ಕೆಳಗೆ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಬಗ್ಗಿ, ಒಂದೊಂದನ್ನೇ ಕೆರೆದು ಒಂದೊಂದನ್ನೇ ಅಂಚಿನಲ್ಲಿ ಬರೆಯುತ್ತ ಹೋದಳು. ಹತ್ತೊಂಬತ್ತನೆಯದನ್ನು ಬರೆಯುವಾಗ ಮೂರನೇ ಅಕ್ಷರಕ್ಕೆ ಕೈ ನಿಂತಿತು. ಈ ಹೆಸರು ಪಟ್ಟಿಯಲ್ಲಿಲ್ಲ. ಒಂದೇ ಇಳಿಜಾರಿನಲ್ಲಿ ಎರಡು ಊರು, ನಡುವೆ ನೀರಿನ ಮಟ್ಟದ ಗೆರೆ ಕೂದಲೆಳೆಯ ಹಾಗೆ ಹಾದುಹೋಗಿತ್ತು. ಮುಳುಗುವುದು ಕೆಳಗಿನದು. ಅವಳು ಕೆರೆದದ್ದು ಮೇಲಿನದನ್ನು. ಆ ನಕ್ಷೆ ನೋಡಿಯೇ ಊರು ಖಾಲಿ ಮಾಡುವ ನೋಟಿಸು ಹೊರಡುವುದಿತ್ತು. ಮೇಲಿನವರಿಗೆ ನೋಟಿಸು ಹೋಗುತ್ತಿತ್ತು, ಕೆಳಗಿನವರಿಗೆ ನೀರು.

ಮೇಲಿನ ಊರನ್ನು ಇದ್ದಲ್ಲೇ ಮತ್ತೆ ಬರೆದು, ಕೆಳಗಿನದನ್ನು ಕೆರೆದಳು. ಅಂಚಿನಲ್ಲಿ ಅರ್ಧಕ್ಕೆ ನಿಂತ ಹೆಸರನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಸಹಿ ಹಾಕಿದಳು. ಸಂಜೆ ಹಾಳೆ ಪರಿಶೀಲಿಸುವಾಗ ಮೇಷ್ಟ್ರು ಆ ಮೂರು ಅಕ್ಷರಗಳನ್ನು ನೋಡಿದರು, ಅವಳ ಮುಖ ನೋಡಿದರು. ತಮ್ಮ ಚಹಾದ ಲೋಟವನ್ನು ಅವಳ ಕಡೆಗೆ ಸರಿಸಿ ಹೊರಟುಹೋದರು.

ಎಷ್ಟೋ ವರ್ಷಗಳ ಮೇಲೆ ಒಂದು ಭಾನುವಾರ ಅವಳು ಬಸ್ಸು ಹತ್ತಿ ಆ ಮೇಲಿನ ಊರಿಗೆ ಹೋಗಿದ್ದಳು. ಶಾಲೆಯ ಮುಂದಿನ ನಲ್ಲಿಯಲ್ಲಿ ನೀರು ಕುಡಿದು, ಅದೇ ಬಸ್ಸಿನಲ್ಲಿ ವಾಪಸು ಬಂದಳು. ಅಲ್ಲಿ ಅವಳಿಗೆ ಬೇರೆ ಕೆಲಸವಿರಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ನಿವೃತ್ತಿಯಾದ ಮೇಲೆ ಬ್ಲೇಡಕ್ಕನ ಮನೆಯಲ್ಲಿ ಇದ್ದದ್ದು ಅವಳು ಮತ್ತು ಅವಳ ಸೊಸೆ, ತಮ್ಮನ ಮಗಳು. ತಮ್ಮನಿಗೆ ಎರಡು ವರ್ಷಕ್ಕೊಮ್ಮೆ ವರ್ಗವಾಗುವ ನೌಕರಿ. ಮಗಳ ಓದು ಕೆಡಬಾರದೆಂದು ಹನ್ನೆರಡನೇ ವಯಸ್ಸಿಗೆ ಅಕ್ಕನ ಮನೆಗೆ ತಂದುಬಿಟ್ಟ. ಬಂದ ಹುಡುಗಿ ಇಪ್ಪತ್ತೆಂಟಾದರೂ ಹೋಗಲಿಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಫೋನು ರಿಪೇರಿ ಅಂಗಡಿಯಲ್ಲಿ ಕೆಲಸ, ಮಧ್ಯಾಹ್ನದಿಂದ ಸಂಜೆಯವರೆಗೆ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರು. ಯಾವ ಕಂಪನಿಯ ಹಂಗೂ ಇಲ್ಲದೆ ಅವಳು ಒಬ್ಬಳೇ ಒಂದು ವಿಡಿಯೋ ಗೇಮ್ ಮಾಡುತ್ತಿದ್ದಳು. ಸದ್ದುಗಳಿಗೆ ಮಾತ್ರ ಒಬ್ಬ ಗೆಳೆಯನಿದ್ದ. ಹಗಲು ಕಿವಿ ಕೇಳದವರಿಗೆ ಯಂತ್ರ ಕೂರಿಸುವ ಕೆಲಸ ಅವನದು. ಒದ್ದೆ ಬೆರಳನ್ನು ಗಾಜಿನ ಲೋಟದ ಅಂಚಿನಲ್ಲಿ ಆಡಿಸಿ ಸೈರನ್ನು ಮಾಡುತ್ತಿದ್ದ, ತಗಡಿನ ಹಾಳೆ ಅಲ್ಲಾಡಿಸಿ ಸ್ಫೋಟ ಮಾಡುತ್ತಿದ್ದ. ಬ್ಲೇಡಕ್ಕ ಅವನನ್ನು ಕರೆಯುತ್ತಿದ್ದದ್ದು ಸದ್ದಪ್ಪ ಎಂದು.

ಆಟ ಅಣುಯುದ್ಧದ್ದು. ಹೆಸರು 'ಮೂವತ್ತು ನಿಮಿಷ'. ನದಿಯ ಆಚೆ ಒಂದು ದೇಶ, ಈಚೆ ಒಂದು ದೇಶ. ಆಡುವವರು ಈಚೆ ದೇಶದ ನೆಲಮಾಳಿಗೆಯಲ್ಲಿ ಕೂತಿರುತ್ತಾರೆ; ಮುಂದೆ ನಕ್ಷೆ, ಪಕ್ಕದಲ್ಲಿ ರಾಡಾರು, ಒಂದು ಫೋನು. ಆಚೆಯಿಂದ ಕ್ಷಿಪಣಿ ಬರುತ್ತಿದೆ ಎಂದು ರಾಡಾರು ಹೇಳುತ್ತದೆ. ಅದು ನಿಜವಿರಬಹುದು, ಹಕ್ಕಿಗಳ ಹಿಂಡೂ ಇರಬಹುದು. ಅದು ಬಂದು ಬೀಳುವುದಕ್ಕೆ ಹೆಚ್ಚೆಂದರೆ ಮೂವತ್ತು ನಿಮಿಷ. ಅಷ್ಟರೊಳಗೆ ಹೊಡೆಯಬೇಕೋ, ಕಾಯಬೇಕೋ, ಫೋನೆತ್ತಿ ಆಚೆಯವರನ್ನು ಕೇಳಬೇಕೋ ತೀರ್ಮಾನಿಸಬೇಕು.

ಬ್ಲೇಡಕ್ಕ ಮೊದಲ ಸಲ ಆ ಪರದೆಯನ್ನು ನೋಡಿದ್ದು ಚಹಾ ಕೊಡಲು ಹೋದಾಗ. ನೀಲಿ ಬಣ್ಣದ ಮೇಲೆ ಬಿಳಿ ಚುಕ್ಕೆಗಳು.

"ಇದೇನೇ ಈ ಚುಕ್ಕೆ?"

"ಊರು ಅತ್ತೆ."

"ಯಾವೂರು?"

"ಯಾವೂರೂ ಅಲ್ಲ. ಸುಮ್ನೆ ಊರು. ನಂಬರ್ ನಲವತ್ತೊಂದು."

"ನಲವತ್ತೊಂದಕ್ಕೆ ನೀರೆಲ್ಲಿಂದ ಬರುತ್ತೆ?"

ಹುಡುಗಿ ನಕ್ಕಳು. "ಅದು ಸಾಯೋಕೆ ಇರೋ ಊರು ಅತ್ತೆ. ಅದಕ್ಕೆ ನೀರು ಯಾಕೆ?"

ಬ್ಲೇಡಕ್ಕ ನಗಲಿಲ್ಲ. ಮಾರನೇ ದಿನ ಅಟ್ಟದ ಮೇಲಿಂದ ತನ್ನ ಹಲಗೆ, ಮಸಿ, ಪೆನ್ನುಗಳನ್ನು ಇಳಿಸಿ ಒರೆಸಿದಳು. ಮೊದಲು ನದಿ ಬರೆದಳು. ನದಿಗೆ ಎಲ್ಲಿ ತಗ್ಗು ಸಿಗುತ್ತದೋ ಅಲ್ಲಿ ತಿರುವು, ತಿರುವಿನಲ್ಲಿ ಮರಳು, ಮರಳು ಇಲ್ಲದ ಕಡೆ ಸೇತುವೆ, ಸೇತುವೆಯ ಹತ್ತಿರ ಊರು. ನಲವತ್ತೊಂದನೇ ಊರಿಗೆ ಮೂರು ಸೇತುವೆ ಬಂದವು. "ಹಾಗಾದ್ರೆ ಮೂರುಸೇತುವೆ ಅಂತಾನೇ ಇಡು," ಎಂದಳು ಸೊಸೆ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. ಅಲ್ಲಿಂದ ಶುರುವಾಗಿ ಒಂದೂವರೆ ವರ್ಷದಲ್ಲಿ ಹದಿನಾರು ಹಾಳೆ, ಇನ್ನೂರ ಹನ್ನೆರಡು ಊರು ಆದವು. ಬಿಳಿಗೋಡೆ, ಹಳೆಬಂದರು, ಕೊನೆನಿಲ್ದಾಣ, ಗಾಳಿಮೂಲೆ. ಪ್ರತಿ ಊರಿಗೂ ನೀರಿನ ದಾರಿ, ಹೊರಗೆ ಹೋಗುವ ದಾರಿ. ಸೊಸೆ ಹಾಳೆಗಳ ಚಿತ್ರ ತೆಗೆದು ಆಟದೊಳಗೆ ಜೋಡಿಸಿದಳು. ಚುಕ್ಕೆಗಳಿದ್ದ ಪರದೆ ದೇಶವಾಯಿತು.

ಕೊನೆಯ ಹಾಳೆ ಒಣಗಿದ ದಿನ ಬ್ಲೇಡಕ್ಕ ಕೇಳಿದಳು, "ಹೊಡೆದ ಊರು ಏನಾಗುತ್ತೆ?"

"ಕಪ್ಪಾಗುತ್ತೆ. ಹೆಸರು ಮಾಯ ಆಗುತ್ತೆ."

"ಹೆಸರು ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ ಅತ್ತೆ, ಮಾಯ ಅಂದೆನಲ್ಲ."

"ಅಂಚಿನಲ್ಲಿ ಬರೆಸು," ಎಂದಳು ಬ್ಲೇಡಕ್ಕ. "ಹೊಡೆಯೋನು ಅವನ ಕೈಯಾರೆ ಬರೀಬೇಕು. ಪೂರ್ತಿ ಹೆಸರು. ಬರೆದು ಮುಗಿಸಿದ ಮೇಲೆ ಹೊಡೀಲಿ."

"ಆಡೋರು ನನ್ನ ಕೊಲ್ತಾರೆ."

"ನಿನ್ನ ಹೆಸರು ಬರೆದು ಕೊಲ್ಲಲಿ."

ಒಂದು ವಾರ ಸೊಸೆ ತಲೆ ಕೆರೆದುಕೊಂಡಳು. ಆಮೇಲೆ, ಅತ್ತೆಯ ಬಾಯಿ ಮುಚ್ಚಿಸುವುದಕ್ಕಾದರೂ ಆಗಲಿ ಎಂದು, ಹಾಗೇ ಮಾಡಿ ಸದ್ದಪ್ಪನನ್ನು ಆಡಲು ಕೂರಿಸಿದಳು. ಅವನು ಬಿಳಿಗೋಡೆಯನ್ನು ಗುರಿಯಿಟ್ಟ. ನಕ್ಷೆಯ ಅಂಚಿನಲ್ಲಿ ಖಾಲಿ ಗೆರೆ ಮಿನುಗಿತು. ಅಕ್ಷರ ಅಕ್ಷರ ಒತ್ತಿದ; ಆತುರಕ್ಕೆ ಒಂದು ತಪ್ಪಾಯಿತು, ಆಟ ಒಪ್ಪಲಿಲ್ಲ. ಮತ್ತೆ ಒತ್ತಿದ.

"ಯುದ್ಧ ಮಾಡೋಣ ಅಂತ ಬಂದ್ರೆ ಕಾಪಿ ಬರೆಸ್ತೀರಲ್ಲಾ ಅಕ್ಕಾ!"

"ಕೈಬರಹ ಸುಧಾರಿಸಲಿ ಬರಿಯಪ್ಪ."

ಎರಡನೆಯದು ಹಳೆಬಂದರು. ನಾಲ್ಕನೇ ಅಕ್ಷರ ಒತ್ತುವಷ್ಟರಲ್ಲಿ ರಾಡಾರು ಕೀಚ್ ಎಂದಿತು. ಬರುತ್ತಿದ್ದದ್ದು ಕ್ಷಿಪಣಿಯಲ್ಲ, ಹಕ್ಕಿಗಳು. ಸದ್ದಪ್ಪನ ಬೆರಳು ಕೀಲಿಯ ಮೇಲೆ ಹಾಗೇ ನಿಂತಿತು. ಆಚೆಯವರು ಏನೂ ಮಾಡಿರಲಿಲ್ಲ. ಬಿಳಿಗೋಡೆ ಆಗಲೇ ಕಪ್ಪಾಗಿತ್ತು.

ಅವನು ಹಿಂದಕ್ಕೆ ಒರಗಿ ಕೂತ. "ಥೂ," ಎಂದ ಮೆಲ್ಲಗೆ. "ಇನ್ನೊಂದು ಸ್ವಲ್ಪ ನಿಧಾನಕ್ಕೆ ಬರೆದಿದ್ರೆ ಆಗ್ತಿತ್ತು."

ಹುಡುಗಿ ಅವನ ಬೆನ್ನ ಹಿಂದೆ ನಿಂತು ನೋಡುತ್ತಿದ್ದವಳು ತಟ್ಟನೆ ಕುರ್ಚಿ ಎಳೆದುಕೊಂಡಳು. ಮೂರು ವರ್ಷದಿಂದ ತನ್ನ ಆಟದಲ್ಲಿ ಏನು ಕೊರತೆ ಎಂದು ಹುಡುಕುತ್ತಿದ್ದಳೋ ಅದು ಸಿಕ್ಕಿತ್ತು. ಬೇಗ ಬರೆದವನು ಮೊದಲು ಹೊಡೆಯುತ್ತಾನೆ; ನಿಧಾನಕ್ಕೆ ಬರೆದವನಿಗೆ ನಿಜ ಗೊತ್ತಾಗುತ್ತದೆ. ಅರ್ಧಕ್ಕೆ ಬಿಟ್ಟ ಹೆಸರು ಅಂಚಿನಲ್ಲಿ ಹಾಗೇ ಉಳಿಯುವಂತೆ ಅವಳು ಅಂದೇ ಮಾಡಿದಳು. ಯಾಕೆ ಎಂದು ಬ್ಲೇಡಕ್ಕ ಕೇಳಲಿಲ್ಲ; ತನ್ನ ಬಳಿ ಇದ್ದ ಕಾರಣವನ್ನು ಹೇಳಲೂ ಇಲ್ಲ.

ವಿಡಿಯೋ ಗೇಮ್‌ಗಳ ಪ್ರದರ್ಶನವೊಂದರಲ್ಲಿ ಆಟವನ್ನು ಇಡಲು ಒಂದು ತಿಂಗಳಿದೆ ಎನ್ನುವಾಗ ಒಂದು ಕಾಗದ ಬಂತು. ಒಬ್ಬೊಬ್ಬರೇ ಮಾಡಿದ ಸಣ್ಣ ಆಟಗಳನ್ನು ಆರಿಸಿ ಹಲವು ದೇಶಗಳಿಗೆ ತಲುಪಿಸುವ ಕಂಪನಿಯೊಂದು 'ಮೂವತ್ತು ನಿಮಿಷ'ವನ್ನು ಮೆಚ್ಚಿತ್ತು. ನಕ್ಷೆಯನ್ನಂತೂ ಹಾಡಿ ಹೊಗಳಿತ್ತು. ಒಂದೇ ಒಂದು ಬದಲಾವಣೆ ಬೇಕಿತ್ತು. ಆಡಿ ನೋಡಿದವರಲ್ಲಿ ಮುಕ್ಕಾಲು ಪಾಲು ಜನ ಹೆಸರು ಬರೆಯುವಲ್ಲಿ ಬೇಸತ್ತು ಎದ್ದುಹೋಗಿದ್ದರು. ಆದ್ದರಿಂದ ಅಲ್ಲಿ 'ದಾಟಿಸು' ಎಂಬ ಒಂದು ಬಟನ್ ಇರಲಿ. ಬರೆಯಬೇಕೆನ್ನುವವರು ಬರೆಯಲಿ, ಬೇಡದವರು ದಾಟಿಸಲಿ. ಪ್ರದರ್ಶನದ ಶನಿವಾರ ತಮ್ಮ ಕಡೆಯವರೊಬ್ಬರು ಬಂದು, ಬದಲಾದ ಆಟವನ್ನು ಆಡಿ ನೋಡಿ, ಅಲ್ಲೇ ತೀರ್ಮಾನ ಹೇಳುತ್ತಾರೆ.

ಸೊಸೆ ಅದನ್ನು ಎರಡು ಸಲ ಓದಿ ಹೇಳಿದಳು. ಬ್ಲೇಡಕ್ಕ ಕನ್ನಡಕ ತೆಗೆದು ಒರೆಸಿಕೊಂಡಳು.

"ಬಟನ್ ಹಾಕಿದ್ರೆ ಎಲ್ಲರೂ ದಾಟಿಸ್ತಾರೆ."

"ಎಲ್ಲರೂ ಅಲ್ಲ ಅತ್ತೆ."

"ನಮ್ಮ ಕಚೇರಿಯಲ್ಲಿ ಅಂಥಾ ಬಟನ್ ಇದ್ದಿದ್ರೆ ನಾನೇ ಮೊದಲು ದಾಟಿಸ್ತಿದ್ದೆ. ಹಾಕಬೇಡ."

"ಮೂರು ವರ್ಷ ಆಯ್ತು ನಾನು ಇದರ ಮುಂದೆ ಕೂತು. ನಿನಗೊಬ್ಬಳಿಗೆ ಹಿಡಿಸ್ಲಿಲ್ಲ ಅಂತ ಪೆಟ್ಟಿಗೆಗೆ ಹಾಕಿ ಮುಚ್ಚಿಡ್ಲಾ? ಊರುಗಳು ನಿನ್ನವೇ ಇರಬಹುದು. ಆಟ ನನ್ನದು ಅತ್ತೆ."

ಆ ಮಾತು ಆಡಿದ ಮೇಲೆ ಹುಡುಗಿಯ ಮುಖ ಸಣ್ಣಗಾಯಿತು. ಬ್ಲೇಡಕ್ಕ "ಹೌದು, ನಿನ್ನದೇ," ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಎದ್ದುಹೋಗಿ ಒಗೆದ ಬಟ್ಟೆ ಹರವಿದಳು. ಹಲಗೆಯನ್ನು ಮೇಜಿನಿಂದ ತೆಗೆದು ಗೋಡೆಗೆ ಒರಗಿಸಿದಳು, ಅಟ್ಟಕ್ಕೆ ಮಾತ್ರ ಹತ್ತಿಸಲಿಲ್ಲ. ಆಮೇಲೆ ಮೂರು ವಾರ ಮನೆಯಲ್ಲಿ ಉಪ್ಪು, ಬೀಗದ ಕೈ, ಹಾಲಿನವನು ಇಷ್ಟರ ಮೇಲೆಯೇ ಮಾತು ನಡೆಯಿತು. ಮುನಿಸೆಂದರೆ ಬಾಗಿಲು ಬಡಿಯುವ ಮುನಿಸಲ್ಲ. ಸೊಸೆ ಅಂಗಡಿಯಿಂದ ಬರುವಷ್ಟರಲ್ಲಿ ಊಟ ಬಿಸಿಯಾಗಿಯೇ ಇರುತ್ತಿತ್ತು. ಆದರೆ ಮುಂದಿನ ಕೋಣೆಯ ಹೊಸ್ತಿಲನ್ನು ಬ್ಲೇಡಕ್ಕ ದಾಟುತ್ತಿರಲಿಲ್ಲ. ಅಂಚಿನ ಕಟ್ಟಳೆ ಉಳಿಯಬೇಕು. ಅದನ್ನು ಉಳಿಸುವ ಅಧಿಕಾರ ತನ್ನದಲ್ಲ. ಎರಡೂ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಕಾದಳು.

ಪ್ರದರ್ಶನಕ್ಕೆ ಎರಡು ದಿನ ಮುಂಚೆ, ಗುರುವಾರ ಮಧ್ಯಾಹ್ನ, ಸೊಸೆಯೇ ಕರೆದಳು. "ಬಾ ಅತ್ತೆ. ಬಟನ್ ಹಾಕಿದೀನಿ. ನೀನು ನೋಡದೆ ಕಳಿಸೋಕೆ ಮನಸ್ಸಿಲ್ಲ."

ಬ್ಲೇಡಕ್ಕ ಕೈ ಒರೆಸಿಕೊಂಡು ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಹುಡುಗಿ ಆಡತೊಡಗಿದಳು. ತನ್ನ ಆಟ, ಮೂಲೆ ಮೂಲೆ ಗೊತ್ತು, ಬೆರಳುಗಳು ಕುಣಿದವು. ಗುರಿ, ದಾಟಿಸು. ಗುರಿ, ದಾಟಿಸು. ಸದ್ದಪ್ಪನ ತಗಡು ಮತ್ತೆ ಮತ್ತೆ ಗುಡುಗಿತು. ಪರದೆಯ ಫೋನು ಎರಡು ಸಲ ಹೊಡೆದುಕೊಂಡಿತು, ಎತ್ತಲು ಪುರುಸೊತ್ತಿರಲಿಲ್ಲ. ಹನ್ನೊಂದೇ ನಿಮಿಷಕ್ಕೆ ಆಟ ಮುಗಿಯಿತು.

"ಗೆದ್ದೆ ಅತ್ತೆ. ಇಷ್ಟು ಬೇಗ ಯಾವತ್ತೂ ಗೆದ್ದಿರಲಿಲ್ಲ." ಅವಳ ಕೆನ್ನೆ ಕೆಂಪೇರಿತ್ತು. "ನೋಡಿದ್ಯಾ, ಎಷ್ಟು ಚುರುಕಾಗಿದೆ."

"ನೋಡಿದೆ. ಯಾವ್ಯಾವ ಊರು ಹೋಯ್ತು?"

"ಆಚೆ ದಡದ್ದು."

"ಹೆಸರು ಹೇಳು."

ಹುಡುಗಿ ಹೇಳತೊಡಗಿದಳು. ಬಿಳಿಗೋಡೆ. ಹಳೆಬಂದರು. ಕೊನೆನಿಲ್ದಾಣ. ಗಾಳಿಮೂಲೆ. ಐದನೆಯದಕ್ಕೆ ತಡವರಿಸಿದಳು. ಪರದೆಯ ತುಂಬ ಕಪ್ಪು ಕಲೆಗಳು, ಒಂದಕ್ಕೂ ಹೆಸರಿಲ್ಲ. ಅಂಚು ಬಿಳಿಯಾಗಿತ್ತು.

"ಅದನ್ನೆಲ್ಲ ಯಾರು ನೆನಪಿಟ್ಕೋತಾರೆ ಅತ್ತೆ?"

"ಯಾರೂ ಇಟ್ಕೊಳ್ಳಲ್ಲ. ಅದಕ್ಕೇ ಬರೆಯೋದು. ಬಾ, ಹುಡುಕೋಣ."

ಬ್ಲೇಡಕ್ಕ ಹದಿನಾರು ಹಾಳೆಗಳನ್ನು ತಂದು ನೆಲದ ಮೇಲೆ ಅಂಚಿಗೆ ಅಂಚು ಕೂಡಿಸಿ ಹಾಸಿದಳು. ನಡೆಯಲು ಜಾಗವಿಲ್ಲದೆ ಕುರ್ಚಿಗಳನ್ನು ಹೊರಗಿಡಬೇಕಾಯಿತು. ಸೊಸೆ ಪರದೆಯ ಮೇಲಿನ ಒಂದೊಂದು ಕಪ್ಪು ಕಲೆ ಎಲ್ಲಿದೆಯೆಂದು ಕೂಗಿ ಹೇಳುವುದು, ಅತ್ತೆ ಮೊಣಕಾಲೂರಿ ಹಾಳೆಯಲ್ಲಿ ಅದನ್ನು ಹುಡುಕಿ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು. ಮೂರು ಗಂಟೆಗೆ ಶುರುಮಾಡಿದರು. ಮೊದಮೊದಲು ಹುಡುಗಿಯ ದನಿಯಲ್ಲಿ ಅಸಹನೆ ಇತ್ತು. ಹದಿನೈದು ಊರಾಗುವಷ್ಟರಲ್ಲಿ ಅದು ಇಳಿಯಿತು.

"ನದಿ ತಿರುಗೋ ಕಡೆ, ದಡಕ್ಕೆ ಅಂಟಿಕೊಂಡ ಹಾಗೆ," ಎಂದಳು ಹುಡುಗಿ. ಅದು ಮೂವತ್ತೊಂದನೆಯದು. "ಇದು ಗಾಳಿಮೂಲೆ, ಇದು ಗೊತ್ತು ನನಗೆ."

"ನದಿಯ ಯಾವ ಕಡೆ?"

"ಆಚೆ."

"ಸರಿಯಾಗಿ ನೋಡು."

ಹುಡುಗಿ ಚಿತ್ರವನ್ನು ಹಿಗ್ಗಿಸಿದಳು. ನದಿಯ ಮೇಲೆ ಮೂರು ಸಣ್ಣ ಅಡ್ಡಗೆರೆಗಳು, ಮೂರು ಸೇತುವೆ. ಅವುಗಳ ಆಚೆ ತುದಿಯಲ್ಲಿ ಗಾಳಿಮೂಲೆ, ಬಿಳಿಯಾಗಿ, ಇದ್ದ ಹಾಗೇ ಇತ್ತು. ಈಚೆ ತುದಿ ಕಪ್ಪಾಗಿತ್ತು.

"ಮೂರುಸೇತುವೆ," ಎಂದಳು ಬ್ಲೇಡಕ್ಕ ನೆಲದಿಂದ.

"ಅವರು ಹೊಡೆದಿರಬಹುದು."

"ಇರಬಹುದು. ನೋಡು."

ಯಾವ ಕ್ಷಣದಲ್ಲಿ ಯಾರು ಎಲ್ಲಿಗೆ ಹೊಡೆದರೆಂಬ ದಾಖಲೆ ಆಟದ ಒಳಗೆ ಇರುತ್ತದೆ. ಹುಡುಗಿ ತೆಗೆದು ನೋಡಿದಳು. ಆಚೆಯವರು ಅತ್ತ ತಲೆಯನ್ನೂ ಹಾಕಿರಲಿಲ್ಲ. ಆರನೇ ನಿಮಿಷದಲ್ಲಿ ಅವಳದೇ ಕೈ, ಅವಳದೇ ಕ್ಷಿಪಣಿ. ಕೂದಲೆಳೆಯಷ್ಟು ಈಚೆಗೆ ಒತ್ತಿ ದಾಟಿಸಿದ್ದಳು. ತನ್ನ ಊರಿಗೆ ತಾನೇ ಹೊಡೆಯಬಾರದು ಎಂಬ ನಿಯಮವನ್ನು ಬೇರೆಯಾಗಿ ಬರೆಯಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಆಟವೂ ಕೇಳಲಿಲ್ಲ. ನಷ್ಟವಾದ ಊರುಗಳಿಗೆ ಒಂದನ್ನು ಕೂಡಿಸಿಕೊಂಡು, ಕೊನೆಗೆ ಗೆದ್ದೆ ಎಂದು ಹೇಳಿತ್ತು.

ಅವಳು ಆ ಕಪ್ಪು ಕಲೆಯ ಮೇಲೆ ಬೆರಳಿಟ್ಟಳು. ನಂಬರ್ ನಲವತ್ತೊಂದು. ತಾನೇ ಹೆಸರಿಟ್ಟದ್ದು.

"ಇದನ್ನ ತಡೆಯೋದು ಎರಡು ಸಾಲಿನ ಕೆಲಸ ಅತ್ತೆ," ಎಂದಳು ಕೊನೆಗೆ. "ಈಚೆ ದಡದ ಊರು ಒತ್ತಿದ್ರೆ ಹೊಡೆಯೋಕೆ ಬಿಡಬಾರದು, ಅಷ್ಟೇ."

"ಹಾಕು. ಒಳ್ಳೇದೇ. ಆಮೇಲೆ?"

"ಆಮೇಲೆ ಏನು?"

"ಆಚೆ ದಡದಲ್ಲಿ ತಪ್ಪಿ ಒತ್ತಿದ್ರೆ?"

ಬ್ಲೇಡಕ್ಕ ಗೋಡೆ ಹಿಡಿದು ಎದ್ದು, ಮರಗಟ್ಟಿದ ಮೊಣಕಾಲು ನೀವಿಕೊಂಡಳು. ಆಮೇಲೆ ಅಣೆಕಟ್ಟಿನ ನಕ್ಷೆಯ ವಿಷಯ ಹೇಳಿದಳು. ಇಳಿಜಾರು, ಎರಡು ಊರು, ಮೂರನೇ ಅಕ್ಷರಕ್ಕೆ ನಿಂತ ಕೈ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಳಗಿಟ್ಟುಕೊಂಡಿದ್ದ ಸಂಗತಿ ಹೇಳಿ ಮುಗಿಸಲು ಅವಳಿಗೆ ನಾಲ್ಕು ಮಾತೂ ಬೇಕಾಗಲಿಲ್ಲ. "ಅಷ್ಟೇ," ಎಂದು ನೋಟ್‌ಬುಕ್ಕು ಎತ್ತಿಕೊಂಡಳು. "ಇನ್ನೂ ಹದಿನಾರು ಊರು ಬಾಕಿ ಇವೆ. ಹೇಳು."

ನಲವತ್ತೇಳೂ ಮುಗಿಯುವಷ್ಟರಲ್ಲಿ ಆರು ಗಂಟೆಯಾಗಿತ್ತು. ಕೊನೆಯ ಏಳನ್ನು ಸೊಸೆಯೇ ನೆಲಕ್ಕೆ ಕೂತು ಬರೆದಳು. ಅತ್ತೆಯ ಕೈ ಸೋತಿತ್ತು.

ಶುಕ್ರವಾರ ಬೆಳಿಗ್ಗೆ ಬ್ಲೇಡಕ್ಕ ಎದ್ದು ಬರುವಾಗ ಮುಂದಿನ ಕೋಣೆಯಲ್ಲಿ ಸದ್ದು ಕೇಳಿತು. ಸೊಸೆ ಅಂಗಡಿಗೆ ಹೊರಡುವ ಬಟ್ಟೆಯಲ್ಲೇ ಕಂಪ್ಯೂಟರಿನ ಮುಂದೆ ನಿಂತಿದ್ದಳು, ಕೂತಿರಲಿಲ್ಲ.

"ತೆಗೆದೆ," ಎಂದಳು, ತಿರುಗದೆ. "ನಿನಗೋಸ್ಕರ ಅಲ್ಲ."

"ಸರಿ."

"ನಾಳೆ ಕಂಪನಿಯವನಿಗೆ ನಾನೇ ಹೇಳ್ತೀನಿ. ನೀನು ಬಾಯಿ ಹಾಕಬೇಡ."

"ಇಲ್ಲಮ್ಮ."

"ಆದ್ರೆ ಬಾ. ಹಾಳೆಗಳನ್ನೂ ತಗೊಂಡು ಬಾ."

ಶನಿವಾರ ಪ್ರದರ್ಶನದ ಸಭಾಂಗಣದಲ್ಲಿ ಉದ್ದುದ್ದ ಮೇಜುಗಳು, ನೆಲದ ತುಂಬ ಟೇಪು ಅಂಟಿಸಿದ ವೈರುಗಳು, ಎಲ್ಲ ಕಡೆಯಿಂದ ಗುಂಡಿನ ಸದ್ದು, ಕಾರಿನ ಸದ್ದು, ಚಪ್ಪಾಳೆಯ ಸದ್ದು. ಸದ್ದಪ್ಪ ಕಿವಿಗೆ ಹತ್ತಿ ತುರುಕಿಕೊಂಡು ಬಂದಿದ್ದ. ಅವರ ಮೇಜಿನ ಹಿಂದಿನ ಗೋಡೆಗೆ ಮೂವರೂ ಸೇರಿ ಹದಿನಾರು ಹಾಳೆಗಳನ್ನು ಹಚ್ಚಿದರು. ಹಾದುಹೋಗುವವರು ನಿಂತು ನೋಡಿ, ಇದು ಯಾವ ದೇಶ ಎಂದು ಕೇಳಿದರು. ಮುದುಕರೊಬ್ಬರಂತೂ ಬಿಳಿಗೋಡೆಗೆ ತಾವು ಹೋಗಿದ್ದುದಾಗಿ ಹೇಳಿದರು. ಬ್ಲೇಡಕ್ಕ ಅವರನ್ನು ತಿದ್ದಲು ಹೋಗಲಿಲ್ಲ.

ಕಂಪನಿಯವನು ಹನ್ನೊಂದಕ್ಕೆ ಬಂದ. ನಲವತ್ತರ ಆಸುಪಾಸು, ಕೊರಳಿಗೆ ಗುರುತಿನ ಚೀಟಿ, ಒಳ್ಳೆಯ ನಗು. ನಕ್ಷೆಯ ಮುಂದೆ ನಿಜವಾಗಿಯೇ ಎರಡು ನಿಮಿಷ ನಿಂತ. ಆಮೇಲೆ ಅಂಗಿಯ ತೋಳು ಮಡಚಿ ಕೂತ. ಮೊದಲನೇ ಊರು ಬರೆದ, ಎರಡನೆಯದು ಬರೆದ. ಮೂರನೆಯದರಲ್ಲಿ ಒಂದಕ್ಷರ ತಪ್ಪಿ ನಕ್ಕ. ಐದರ ಹೊತ್ತಿಗೆ ನಗುವುದು ಬಿಟ್ಟಿದ್ದ. ಏಳನೆಯದು ಮುಗಿಸಿ, ಎಂಟಕ್ಕೆ ಗಾಳಿಮೂಲೆ ಬರೆಯುತ್ತ, 'ಗಾಳಿಮೂ' ಎನ್ನುವಲ್ಲಿ ಕೀಲಿಗಳಿಂದ ಕೈ ತೆಗೆದ.

"ದಾಟಿಸೋ ಬಟನ್ ಎಲ್ಲಿದೆ?"

"ಇಲ್ಲ ಸರ್," ಎಂದಳು ಸೊಸೆ.

"ಹಾಕ್ತೀನಿ ಅಂತ ಬರೆದಿದ್ರಿ."

"ಹಾಕಿದ್ದೆ. ತೆಗೆದೆ." ಅವಳು ಪರದೆಯ ಕಡೆ ಕೈ ತೋರಿಸಿದಳು. "ಬಟನ್ ಇದ್ದಾಗ ನಾನೇ ಆಡಿದೆ ಸರ್. ನನ್ನ ಊರಿಗೆ ನಾನೇ ಹೊಡೆದೆ, ನನಗೆ ಗೊತ್ತೇ ಆಗ್ಲಿಲ್ಲ. ಗೆದ್ದೆ ಅಂತ ಕುಣಿದೆ. ಅಂಥ ಆಟ ಬೇಕಾದಷ್ಟಿವೆ. ಇದು ಅದಲ್ಲ."

ಅವನು ಹಣೆ ಉಜ್ಜಿಕೊಂಡ. "ನಾನು ಎಂಟಕ್ಕೆ ನಿಲ್ಲಿಸಿದೆ. ಜನ ಮೂರಕ್ಕೇ ನಿಲ್ಲಿಸ್ತಾರೆ."

ಬಾಯಿ ಹಾಕುವುದಿಲ್ಲ ಎಂದಿದ್ದ ಬ್ಲೇಡಕ್ಕನಿಗೆ ತಡೆಯಲಾಗಲಿಲ್ಲ. "ನಿಲ್ಲಿಸ್ಲಿ ಅಂತಾನೇ ಅಲ್ವೇನಪ್ಪ."

"ಅಮ್ಮಾ, ಎಲ್ಲರೂ ನಿಲ್ಲಿಸಿಬಿಟ್ರೆ ನಾವು ಮಾರೋದೇನನ್ನ?" ಅವನು ಸಿಟ್ಟಿನಿಂದ ಕೇಳಿರಲಿಲ್ಲ, ನಿಜವಾಗಿಯೇ ಕೇಳಿದ್ದ. ಎದ್ದು ಸೊಸೆಯ ಕೈ ಕುಲುಕಿದ. ಹೀಗೇ ಆದರೆ ತಮ್ಮ ಕಂಪನಿಗೆ ಆಗುವುದಿಲ್ಲ, ಮನಸ್ಸು ಬದಲಾದರೆ ತಿಳಿಸಿ ಎಂದ. ನಾಲ್ಕು ಹೆಜ್ಜೆ ಹೋದವನು ತಿರುಗಿ ಗೋಡೆಯ ಮೇಲಿನ ಹಾಳೆಗಳನ್ನು ಇನ್ನೊಮ್ಮೆ ನೋಡಿದ, ಏನನ್ನೋ ಹುಡುಕುವಂತಿತ್ತು. ಆಮೇಲೆ ಗದ್ದಲದಲ್ಲಿ ಕಾಣದಾದ.

ಸದ್ದಪ್ಪ ಕಿವಿಯ ಹತ್ತಿ ತೆಗೆದು ಕೇಳಿದ, "ಏನಂದ?"

"ಬೇಡ ಅಂದ," ಎಂದಳು ಸೊಸೆ.

"ಮತ್ತೆ ಈಗ?"

"ನಾವೇ ಹೊರಗೆ ಬಿಡೋಣ. ಎಷ್ಟು ಜನಕ್ಕೆ ತಲುಪುತ್ತೋ ಅಷ್ಟು." ಹೇಳುತ್ತಲೇ ಅವಳು ನೀರಿನ ಬಾಟಲಿಯನ್ನು ಪೂರ್ತಿ ಕುಡಿದು ಮುಗಿಸಿದಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಬ್ಲೇಡಕ್ಕ ಚೀಲದಿಂದ ಫ್ಲಾಸ್ಕು ತೆಗೆದು ಚಹಾ ಬಗ್ಗಿಸಿ, ಲೋಟವನ್ನು ಅವಳ ಕಡೆಗೆ ಸರಿಸಿದಳು.

ಮೇಜಿನ ಮುಂದೆ ಯಾರೋ ಬಂದು ನಿಂತರು. ಬಸ್ಸಿನ ಕಂಡಕ್ಟರು, ಸಮವಸ್ತ್ರದಲ್ಲೇ ಇದ್ದ ಹೆಂಗಸು, ಬಿಡುವಿನ ವೇಳೆಯಲ್ಲಿ ಒಳಗೆ ಬಂದಿದ್ದಳು. ಟಿಕೇಟಿನ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಪರದೆಗೆ ಬಗ್ಗಿದಳು. ಅಂಚಿನಲ್ಲಿ ಏಳು ಹೆಸರುಗಳಿದ್ದವು. ಅವುಗಳ ಕೆಳಗೆ ಇನ್ನೊಂದು.

"ಇದನ್ನ ಯಾರೋ ಅರ್ಧಕ್ಕೇ ಬಿಟ್ಟಿದ್ದಾರೆ. ಅಳಿಸಿಬಿಡ್ಲಾ?"

"ಬೇಡ, ಇರಲಿ," ಎಂದಳು ಬ್ಲೇಡಕ್ಕ. ಎದ್ದುಬಂದು, ಗೋಡೆಯ ಮೇಲಿನ ಒಂಬತ್ತನೇ ಹಾಳೆಯಲ್ಲಿ, ನದಿ ತಿರುಗುವ ಕಡೆ, ಆಚೆ ದಡದ ಮೇಲೆ ಬೆರಳಿಟ್ಟು ತೋರಿಸಿದಳು. "ಆ ಊರು ಇಲ್ಲೇ ಇದೆ. ನೀವು ನಿಮ್ಮದು ಶುರು ಮಾಡಿ."